ಸೂಚಿ ಚೌಕದ ಕೆಳಗಿನ ಮೈದಾನ

ಡಿಸೆಂಬರ್ ತಿಂಗಳ ಎರಡನೆಯ ಶನಿವಾರ, ಮುಂಜಾನೆ ಒಂಬತ್ತು ಗಂಟೆ. ಸ್ಥಳ, ಗೋಕಾಕದ ಒಂದು ಡಿ.ಟಿ.ಪಿ. ಅಂಗಡಿ. ಹಾಜರಿದ್ದವರು ಮೂವರು: ನಿವೃತ್ತ ಚಿತ್ರಕಲಾ ಶಿಕ್ಷಕನಾದ ನಾನು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದು ಈಗ ಮೂಡಲಗಿಯ ಕಡೆ ಪಿ.ಟಿ. ಮಾಸ್ತರನಾಗಿರುವವನು, ಮತ್ತು ಅಂಗಡಿ ನಡೆಸುವ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು.

ಹೀಗೆ ಬರೆಯುವುದು ನನ್ನ ರೂಢಿ. ಹತ್ತನೆಯ ವಯಸ್ಸಿನಿಂದ ಮೆಟ್ರಿಕ್‌ವರೆಗೆ ನಾನು ಬೆಳೆದದ್ದು ಮಠದ ಬೋರ್ಡಿಂಗಿನಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರಿನ ಸ್ನಾನ, ಐದೂವರೆಗೆ ಲಿಂಗಪೂಜೆ, ಆರಕ್ಕೆ ಡ್ರಿಲ್. ದಿನದ ಕೊನೆಗೆ ಪ್ರತಿಯೊಬ್ಬ ಹುಡುಗನೂ ದಿನಚರಿ ಬರೆಯಬೇಕು: ಎಷ್ಟು ಹೊತ್ತಿಗೆ, ಯಾರು ಹಾಜರು, ಏನು ಕೆಲಸ, ಮುಗಿಯಿತೋ ಇಲ್ಲವೋ. ಈಗ ನನಗೆ ಎಪ್ಪತ್ಮೂರು. ಒಂದು ದಿನವೂ ತಪ್ಪಿಸಿಲ್ಲ. ಆ ಬಗ್ಗೆ ಹೆಮ್ಮೆ ಇತ್ತು. ಈಗ ಅಷ್ಟಿಲ್ಲ, ಅದರ ಕಾರಣವನ್ನೇ ಬರೆಯಲು ಕುಳಿತಿದ್ದೇನೆ.

ಅಂದಿನ ಕೆಲಸ ಐದು ಪೋಸ್ಟರುಗಳನ್ನು ತಿದ್ದುವುದು. ಕಬಡ್ಡಿ, ಖೋಖೋ, ಕುಸ್ತಿ, ವಾಲಿಬಾಲ್, ಓಟ. ಮೇಲೆ ಆಟದ ಚಿತ್ರ, ಕೆಳಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ನಕಾಶೆ. ಆ ಆಟವನ್ನು ದಿನಾಲೂ ಕಲಿಸುವ ಮೈದಾನ ಎಲ್ಲಿದೆಯೋ ಅಲ್ಲೊಂದು ಕೆಂಪು ಚುಕ್ಕಿ, ಚುಕ್ಕಿಯ ಪಕ್ಕ ಅಂಕಿ. ಅಂಚಿನ ಪಟ್ಟಿಯಲ್ಲಿ ಆ ಅಂಕಿಗೆ ಊರಿನ ಹೆಸರು ಮತ್ತು ಅಭ್ಯಾಸದ ವೇಳೆ. ಹಳೆಯ ಆಟಗಾರರೂ ಮಾಸ್ತರರೂ ಸೇರಿ ಮಾಡಿಕೊಂಡ ನಮ್ಮ ಸಣ್ಣ ಸಮಿತಿ ಇವನ್ನು ಶಾಲೆಗಳಲ್ಲಿ, ಪಂಚಾಯಿತಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಅಂಟಿಸುವುದೆಂದು ಗೊತ್ತುಮಾಡಿತ್ತು. ಒಂದು ನಿಯಮವೂ ಇತ್ತು: ನಕಾಶೆಯಲ್ಲಿ ಅಂಕಿ ಇರುವ ಮೈದಾನದ ತಂಡಗಳಿಗೆ ಮಾತ್ರ ಜನವರಿಯ ಆಯ್ಕೆ ಪಂದ್ಯಕ್ಕೆ ಕರೆ ಹೋಗುತ್ತದೆ. ಅಂಕಿ ಇಲ್ಲದವರಿಗೆ ಇಲ್ಲ. ಆ ನಿಯಮವನ್ನು ಬರೆದುಕೊಟ್ಟವನು ನಾನೇ. ಸಂಜೆ ಆರಕ್ಕೆ ಐದೂ ಪೋಸ್ಟರುಗಳು ಬೆಳಗಾವಿಯ ಮುದ್ರಣಾಲಯಕ್ಕೆ ಹೋಗಬೇಕಿತ್ತು.

ನಾನು ಕೆಂಪು ಪೆನ್ನು, ಅಡಿಪಟ್ಟಿ, ಭೂತಗನ್ನಡಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೊದಲು ಚಿತ್ರಗಳು. ಅವನ್ನು ಪಿ.ಟಿ. ಮಾಸ್ತರ ತನ್ನ ಮೊಬೈಲಿನಲ್ಲಿ ಯಾವುದೋ ಯಂತ್ರಕ್ಕೆ ಹೇಳಿ ಬರೆಸಿ ತಂದಿದ್ದ. ಕಬಡ್ಡಿಯ ಚಿತ್ರದಲ್ಲಿ ದಾಳಿಗೆ ಹೋದವನ ಕೈಯ ಬೆರಳುಗಳನ್ನು ಎಣಿಸಿದೆ.

"ಆರು ಅದಾವ," ಎಂದೆ.

"ಇರ್ಲಿ ಬಿಡ್ರಿ ಗುರುಗಳ," ಎಂದ ಅವನು. "ಒಂದ ಬೆರಳ ಹೆಚ್ಚಿದ್ರ ಮುಟ್ಟಾಕ ಅನುಕೂಲ."

"ನಿನಗ ಐದ ಇದ್ದೂ ಒಂದ ಚಿತ್ರಾ ನೆಟ್ಟಗ ಬರಿಯಾಕ ಬರ್ಲಿಲ್ಲ. ತೆಗಿ ಅದನ್ನ."

ಅಂಗಡಿಯ ಹೆಣ್ಣುಮಗಳು ನಕ್ಕು ಆರನೆಯ ಬೆರಳನ್ನು ಅಳಿಸಿದಳು. ಕುಸ್ತಿಯ ಚಿತ್ರದಲ್ಲಿ ಪೈಲವಾನ ಕೆಮ್ಮಣ್ಣಿನ ಅಖಾಡದಲ್ಲಿ ಬೂಟು ಹಾಕಿಕೊಂಡು ನಿಂತಿದ್ದ. ಬೂಟು ತೆಗೆಸಿದೆ. ಓಟದ ನಕಾಶೆಯಲ್ಲಿ ಘಟಪ್ರಭಾ ನದಿ ಉದ್ದಕ್ಕೂ ಒಂದೇ ದಪ್ಪ ಇತ್ತು. ಹುಕ್ಕೇರಿಯ ಕಡೆ ಸಣ್ಣಗೆ ಮಾಡಿಸಿ, ಕೆಳಗೆ ಬರುತ್ತ ದಪ್ಪ ಮಾಡಿಸಿದೆ. ತಾಲೂಕಿನ ಗಡಿಯ ಗೆರೆಯೂ ರಸ್ತೆಯ ಗೆರೆಯೂ ಒಂದೇ ಥರ ಇದ್ದವು, ಬೇರೆ ಮಾಡಿಸಿದೆ. ಹೆಣ್ಣುಮಗಳ ಕೈ ಚುರುಕು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಊರು ಯಾವುದು ಎಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹನ್ನೊಂದಕ್ಕೆ ಖೋಖೋ ಪೋಸ್ಟರು ಬಂತು. ಅದರ ನಕಾಶೆಯಲ್ಲಿ ಇಪ್ಪತ್ತಮೂರು ಚುಕ್ಕಿಗಳು. ಸೂಚಿ ಚೌಕವನ್ನು, ಎಂದರೆ ಯಾವ ಗುರುತಿಗೆ ಏನರ್ಥ ಎಂದು ಹೇಳುವ ಪೆಟ್ಟಿಗೆಯನ್ನು, ಅವಳು ಎಡಗಡೆ ಮೇಲೆ ಇಟ್ಟಿದ್ದಳು.

"ಸೂಚಿ ಬಲಗಡೆ ಕೆಳಗ ಇರಬೇಕವಾ," ಎಂದೆ. "ಉಳಿದ ನಾಕರಾಗೂ ಅಲ್ಲೇ ಐತಿ. ಐದೂ ಒಂದ ನಮೂನಿ ಕಾಣಬೇಕು."

"ಇದರಾಗ ಅಲ್ಲಿ ಜಾಗಾ ಇಲ್ರಿ ಸರ. ಕೆಳಗ ಚುಕ್ಕಿ ಅದಾವು."

ಭೂತಗನ್ನಡಿ ಹಿಡಿದು ನೋಡಿದೆ. ಬಲಗಡೆಯ ಕೆಳಮೂಲೆಯಲ್ಲಿ, ಕೌಜಲಗಿಯ ಆಚೆ, ಒಂದು ಊರಿಗೆ ಎರಡು ಚುಕ್ಕಿ ಇದ್ದವು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ನಾನು ಹನ್ನೊಂದು ವರ್ಷ ನೌಕರಿ ಮಾಡಿದ ಊರು ಅದು. ಮೇಲಿನ ಚುಕ್ಕಿ ನನ್ನ ಹಳೆಯ ಶಾಲೆಯ ಮೈದಾನ. ಕೆಳಗಿನದು ಊರ ಹೊರಗಿನ ಕೇರಿಯ ಪಕ್ಕದ ಮೈದಾನ.

"ಒಂದ ಊರಿಗೆ ಒಂದ ಚುಕ್ಕಿ ಸಾಕು," ಎಂದೆ. "ಕೆಳಗಿಂದು ತೆಗಿ. ಸೂಚಿ ಅಲ್ಲಿ ಕುಂದರ್ತದ."

ಅವಳು ಮೌಸಿನ ಮೇಲಿನ ಕೈ ಎತ್ತಿದಳು. "ಸರ, ಅಲ್ಲೆ ದಿನಾ ಆಡ್ತಾರ್ರಿ. ಹದಿನಾಕ ಹುಡಿಗ್ಯಾರ ಅದಾರ."

"ಆಡ್ಲಿ. ಅದು ಮೈದಾನಲ್ಲವಾ, ಬಯಲು."

ಅವಳು ಪಿ.ಟಿ. ಮಾಸ್ತರನ ಮುಖ ನೋಡಿದಳು. ಅವನು ಬೇರೆ ಊರಿನವನು. ಅವನಿಗೆ ಏನೂ ಗೊತ್ತಿರಲಿಲ್ಲ. "ಗುರುಗಳ ಅಂದಮ್ಯಾಲ ಮುಗೀತ್ರಿ ಅಕ್ಕಾರ," ಎಂದ. ಅವಳು ಸೂಚಿ ಚೌಕವನ್ನು ಎಳೆದು ತಂದು ಚುಕ್ಕಿಯ ಮೇಲೆ ಇಟ್ಟಳು. ಚೌಕದ ಬಿಳಿ ಬಣ್ಣದ ಕೆಳಗೆ ಚುಕ್ಕಿ ಮರೆಯಾಯಿತು. ಪಟ್ಟಿಯಲ್ಲಿ ಇಪ್ಪತ್ತೆರಡು ಉಳಿದವು. ನಾನು ಪ್ರೂಫಿನ ಮೇಲೆ ಆ ಸಾಲನ್ನು ಅಡಿಪಟ್ಟಿಯಿಟ್ಟು ಹೊಡೆದುಹಾಕಿದೆ. ಗೆರೆ ನೆಟ್ಟಗೆ ಬಂತು.

ಆಗ ನನಗೆ ಮರೆತಿತ್ತು ಎಂದು ಬರೆದರೆ ಸುಲಭವಾಗುತ್ತಿತ್ತು. ಮರೆತಿರಲಿಲ್ಲ. ಬಯಲು ಎಂಬ ಮಾತು ಬಾಯಿಂದ ಬೀಳುವಾಗಲೇ, ಇದೇ ಮಾತನ್ನು ಇದೇ ಜಾಗದ ಬಗ್ಗೆ ಹಿಂದೊಮ್ಮೆ ಆಡಿದ್ದೇನೆ ಎಂದು ಗೊತ್ತಿತ್ತು.

ನಂತರ ಖೋಖೋದ ಚಿತ್ರ. ಅದರಲ್ಲಿ ಎಂಟು ಹುಡುಗಿಯರು ಸಾಲಾಗಿ ಕುಳಿತಿದ್ದರು, ಎಂಟೂ ಜನ ಒಂದೇ ದಿಕ್ಕಿಗೆ ಮುಖ ಮಾಡಿ. ಖೋಖೋ ಆಡಿದ ಯಾರೂ ಹೀಗೆ ಬರೆಯುವುದಿಲ್ಲ. ಒಬ್ಬಳು ಆ ಕಡೆ ನೋಡಿದರೆ ಪಕ್ಕದವಳು ಈ ಕಡೆ ನೋಡಬೇಕು.

"ಇವರೇನು ಪಂಗ್ತಿಗೆ ಊಟಕ್ಕ ಕುಂತಾರೇನು?" ಎಂದು ಪಿ.ಟಿ. ಮಾಸ್ತರನನ್ನು ಬೈದೆ. "ಒಂದ ಖರೆ ಫೋಟೋ ನೋಡಿ ತಿದ್ದಬೇಕು."

"ನನ್ನ ಹತ್ರ ಒಂದ ಐತ್ರಿ," ಎಂದಳು ಹೆಣ್ಣುಮಗಳು. ತನ್ನ ಮೊಬೈಲ್ ತೆಗೆದು, ಒಂದು ಹಳೆಯ ಫೋಟೋವನ್ನು ಕಂಪ್ಯೂಟರಿನ ಪರದೆಗೆ ಹಾಕಿದಳು. ಮನೆಯ ಗೋಡೆಯ ಮೇಲಿನ ಕಟ್ಟಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದದ್ದು. ಎಂಟು ಹುಡುಗಿಯರು, ಒಬ್ಬಳು ಬಿಟ್ಟು ಒಬ್ಬಳು ಆ ಕಡೆ ಈ ಕಡೆ ಮುಖ ಮಾಡಿ ಕುಳಿತಿದ್ದಾರೆ. ಸುಣ್ಣದ ಗೆರೆಗಳು ಚೊಕ್ಕಟವಾಗಿವೆ. ಹಿಂದೆ ಬೇವಿನ ಗಿಡ, ಅದರ ಹಿಂದೆ ಈಗ ಬುದ್ಧ ವಿಹಾರವಾಗಿರುವ ಹಂಚಿನ ಮನೆ. ಕಂಬದ ಹತ್ತಿರ, ಫೋಟೋದ ಅಂಚಿನಲ್ಲಿ, ಬಿಳಿ ಟೊಪ್ಪಿಗೆಯ ಒಬ್ಬ ಮನುಷ್ಯ ಕೈಯಲ್ಲಿ ಟೇಪಿನ ಸುರುಳಿ ಹಿಡಿದು ನಿಂತಿದ್ದಾನೆ.

"ಮೂರನೇದಾಕಿ ನಮ್ಮವ್ವರಿ," ಎಂದಳು ಅವಳು. "ಈಗ ಅಲ್ಲೆ ಹುಡಿಗ್ಯಾರಿಗೆ ಆಕೀನ ಕಲಸ್ತಾಳ." ಮೆಲ್ಲಗೆ ಫೋಟೋವನ್ನು ದೊಡ್ಡದು ಮಾಡಿದಳು. "ಈ ಟೊಪಗಿಯವರು ನೀವ ಅಲ್ರಿ ಸರ?"

ಪಿ.ಟಿ. ಮಾಸ್ತರ ಬಗ್ಗಿ ನೋಡಿ, "ನೀವ ಬಿಡ್ರಿ ಗುರುಗಳ, ನಿಂತ ಧಾಟಿ ನೋಡ್ರಿ!" ಎಂದು ಚಪ್ಪಾಳೆ ತಟ್ಟಿದ.

"ಕಣ್ಣು ಮಂಜಾಗ್ಯಾವು," ಎಂದೆ. "ಗೊತ್ತಾಗವಲ್ದು."

ಎರಡು ಗಂಟೆಯ ಹಿಂದೆ ಒಂದು ಕೈಯ ಆರು ಬೆರಳುಗಳನ್ನು ಎಣಿಸಿದ ಕಣ್ಣುಗಳು. ಅವಳು "ಹೌದೇನ್ರಿ" ಎಂದಷ್ಟೇ ಹೇಳಿ ಚಿತ್ರ ತಿದ್ದತೊಡಗಿದಳು. ಒಂದಕ್ಕೆ ನಾನು ಊಟಕ್ಕೆಂದು ಎದ್ದೆ. ಊಟದ ವೇಳೆ ಒಂದೂವರೆ. ಅಂದು ಅರ್ಧ ಗಂಟೆ ಮೊದಲೇ ಎದ್ದೆ.

ಮನೆಯಲ್ಲಿ ದಿನಚರಿಗಳನ್ನು ವರ್ಷದ ಪ್ರಕಾರ ಕಪಾಟಿನಲ್ಲಿ ಇಟ್ಟಿದ್ದೇನೆ. ಬೇಕಾದದ್ದು ಎರಡು ನಿಮಿಷದಲ್ಲಿ ಸಿಕ್ಕಿತು. ಬುಧವಾರ. ನಾಲ್ಕು ಗಂಟೆ. ಹಾಜರು: ಶಾಲೆಯ ಖೋಖೋ ತಂಡ. ಕೆಲಸ: ಅಭ್ಯಾಸ. ಮುಗಿಯಿತು. ಅಷ್ಟೇ.

ನಡೆದದ್ದು ಅಭ್ಯಾಸವಲ್ಲ. ಅದು ಪಂದ್ಯ. ಆಗ ಪಿ.ಟಿ. ಮಾಸ್ತರರ ಹುದ್ದೆ ಖಾಲಿ ಇದ್ದು ಆಟದ ಕೆಲಸವೂ ನನ್ನದೇ ಆಗಿತ್ತು. ತಾಲೂಕಿಗೆ ನಮ್ಮ ಊರಿನಿಂದ ಒಂದೇ ಹುಡುಗಿಯರ ತಂಡ ಹೋಗಬೇಕು. ನಮ್ಮ ಶಾಲೆಯದು ಒಂದು ತಂಡ. ಕೇರಿಯ ಹುಡುಗಿಯರದು ಇನ್ನೊಂದು, ಅವರಲ್ಲಿ ಅರ್ಧ ಜನ ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋಗುವವರು. ಕೇರಿಯ ಹಿರಿಯರು ಬಂದು, "ಆಡಸ್ರಿ ಮಾಸ್ತರ, ಗೆದ್ದವರು ಹೋಗ್ಲಿ," ಎಂದರು. ನಾನು ಒಪ್ಪಿದೆ. ಸೋಲುತ್ತೇವೆ ಎಂದು ಅನಿಸಿರಲಿಲ್ಲ. ಶಾಲೆಯ ಮೈದಾನದಲ್ಲಿ ಕಟ್ಟಡದ ಜಲ್ಲಿ ಬಿದ್ದಿದ್ದರಿಂದ ಅವರ ಮೈದಾನಕ್ಕೇ ಹೋದೆವು. ಉದ್ದ ಇಪ್ಪತ್ತೊಂಬತ್ತು ಮೀಟರ್, ಅಗಲ ಹದಿನಾರು. ಬಟ್ಟೆಯ ಟೇಪು ಹಿಡಿದು ನಾನೇ ಅಳೆದೆ. ಒಂದು ಬೆರಳಿನ ಹೆಚ್ಚುಕಮ್ಮಿ ಇರಲಿಲ್ಲ. ಗೋಕಾಕದಿಂದ ಫೋಟೋದವನನ್ನು ಕರೆಸಿದ್ದರು ಅವರು. ಆಟ ಶುರುವಾಗುವ ಮುಂಚೆ ಅವರ ತಂಡದ ನಾಯಕಿ, ಫೋಟೋದಲ್ಲಿ ಮೂರನೆಯವಳಾಗಿ ಕುಳಿತ ಹದಿನಾರರ ಹುಡುಗಿ, ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದಳು. "ಇವತ್ತ ನನ್ನ ಉಪಾಸ," ಎಂದೆ. ಬಿಸಿಲಿನಲ್ಲಿ ಬಾಯಿ ಒಣಗಿತ್ತು. ನನ್ನ ಉಪವಾಸ ಸೋಮವಾರ. ದಿನಚರಿಯಲ್ಲಿ ಬುಧವಾರ ಎಂದು ನನ್ನ ಕೈಬರಹದಲ್ಲೇ ಇದೆ.

ಅವರು ಗೆದ್ದರು. ಎರಡು ಅಂಕದಿಂದ.

ಮರುದಿನ ನಾನು ಹೆಡ್‌ಮಾಸ್ತರರಿಗೆ ಬರೆದುಕೊಟ್ಟೆ: ಆಡಿದ ಸ್ಥಳ ಮೈದಾನವಲ್ಲ, ಬಯಲು, ಅಳತೆ ಸರಿಯಿಲ್ಲ, ಆದ್ದರಿಂದ ಇದನ್ನು ಅಭ್ಯಾಸವೆಂದು ತಿಳಿಯತಕ್ಕದ್ದು. ತಾಲೂಕಿಗೆ ನಮ್ಮ ತಂಡ ಹೋಯಿತು, ಮೊದಲ ಸುತ್ತಿನಲ್ಲೇ ಸೋತು ಬಂತು. ಅದೇ ವರ್ಷ ಬಸವ ಜಯಂತಿಗೆ ವೇದಿಕೆಯ ಮೇಲೆ ನಿಂತು, ಎಲ್ಲರೂ ಸಮಾನರು ಎಂದು ಅರ್ಧ ಗಂಟೆ ಮಾತನಾಡಿದ್ದೆ. ಅದನ್ನು ಮಾತ್ರ ದಿನಚರಿಯಲ್ಲಿ ಎರಡು ಸಾಲು ಬರೆದಿದ್ದೇನೆ.

ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಮನೆಯವಳು ಏನಾಯಿತು ಎಂದು ಕೇಳಿದರೆ, ಪ್ರೂಫಿನಲ್ಲಿ ತಪ್ಪಾಗಿದೆ ಎಂದೆ. ಅದೂ ಪೂರಾ ಸುಳ್ಳಲ್ಲ.

ಮೂರಕ್ಕೆ ಅಂಗಡಿಗೆ ಮರಳಿದೆ. ಇಬ್ಬರೂ ಕಂಪ್ಯೂಟರಿನ ಮುಂದೆ ಇದ್ದರು. ಖೋಖೋದ ಚಿತ್ರದಲ್ಲಿ ಹುಡುಗಿಯರು ಈಗ ಸರಿಯಾಗಿ ಕುಳಿತಿದ್ದರು. ಕುಳಿತುಕೊಂಡರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ.

"ಆ ಫೋಟೋದಾಗ ಇರಾಂವ ನಾನ. ಮುಂಜಾನೆ ಸುಳ್ಳ ಹೇಳಿದೆ. ಆ ಮೈದಾನ ನಾನ ಅಳದೇನಿ, ಅಳತಿ ಬರೋಬ್ಬರಿ ಐತಿ. ಆ ಪಂದ್ಯ ನಿಮ್ಮವ್ವನ ತಂಡ ಗೆದ್ದಿತ್ತು. ಅದನ್ನ ಮುಚ್ಚಿ ಹಾಕಿದಾಂವ ನಾನು."

ಪಿ.ಟಿ. ಮಾಸ್ತರ ಎದ್ದು ನಿಂತ. "ಇರ್ಲಿ ಬಿಡ್ರಿ ಗುರುಗಳ, ಹಳೇ ಮಾತು..."

"ಇರ್ಲಿ ಬಿಡು ಅನ್ನಾಕ ನೀ ಯಾರಪಾ?" ಎಂದೆ.

ಹೆಣ್ಣುಮಗಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಇಷ್ಟೂ ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಮನೆಯಲ್ಲಿ ಆ ಫೋಟೋ ಇರುವ ಗೋಡೆಯ ಕೆಳಗೇ ಅವಳು ಬೆಳೆದಿದ್ದಳು.

"ನನಗ್ಯಾಕ ಹೇಳ್ತೀರಿ ಸರ?" ಎಂದಳು. "ಅವ್ವಗ ಹೇಳ್ರಿ."

ಫೋನ್ ಹಚ್ಚಿ ಮೇಜಿನ ಮೇಲೆ ಇಟ್ಟಳು, ಎಲ್ಲರಿಗೂ ಕೇಳುವ ಹಾಗೆ. ಆ ಕಡೆಯಿಂದ ಕಬ್ಬಿನ ಒಣ ಎಲೆಯ, ರವುದಿಯ ಸಪ್ಪಳ, ಹೆಂಗಸರ ಮಾತು.

"ಅವ್ವಾ, ಡ್ರಾಯಿಂಗ್ ಮಾಸ್ತರ ಮಾತಾಡ್ತಾರಂತ."

"ಯಾರು, ಟೊಪಗಿಯವರಾ? ಇನ್ನೂ ಗಟ್ಟಿ ಅದಾರೇನ ಅವರು?"

"ನಮಸ್ಕಾರ್ರಿ," ಎಂದೆ.

"ಯಪ್ಪಾ! ಮಾಸ್ತರ ನನಗ ರೀ ಹಚ್ಚಾಕತ್ತಾರಲ್ಲ! ಆರಾಮ ಅದೀರಿಲ್ಲೋ?"

ಹಿಂದೆ ಯಾರೋ ನಕ್ಕರು. "ಅವತ್ತಿನ ಪಂದ್ಯ ನೀವ ಗೆದ್ದಿದ್ರಿ," ಎಂದೆ.

"ಅದು ನಮಗ ಗೊತ್ತೈತ್ರಿ. ಗೆದ್ದ ಮೂವತ್ತೈದ ವರ್ಷ ಆತು. ಅದನ್ನ ಹೇಳಾಕ ಫೋನ್ ಹಚ್ಚೀರೇನು?"

"ಅಳತಿ ಸರಿ ಇಲ್ಲಂತ ನಾ ಬರದುಕೊಟ್ಟಿದ್ದೆ. ಅದು ಸುಳ್ಳು."

"ಟೇಪಿನ ಆ ತುದಿ ಹಿಡದಾಕಿ ನಾನು," ಎಂದಳು ಆಕೆ. ದನಿಯಲ್ಲಿ ನಗೆ ಇರಲಿಲ್ಲ. "ನೀವ ಈ ತುದಿ, ನಾ ಆ ತುದಿ. ಇಪ್ಪತ್ತೊಂಬತ್ತು ಅಂತ ನೀವ ಒದರಿದ್ರಿ, ನಾ ಗೂಟಾ ಬಡದೆ. ಮುಂದಿನ ವರ್ಷ ನನ್ನ ಲಗ್ನಾ ಮಾಡಿದ್ರು. ತಾಲೂಕಿಗೆ ಹೋಗೂದು ಅಲ್ಲಿಗೇ ಮುಗೀತು. ಈಗ ನಮ್ಮ ಹುಡಿಗ್ಯಾರರ ಹೋಗ್ತಾರೇನು, ಅದನ್ನ ಹೇಳ್ರಿ ಮೊದಲ."

"ಹೋಗ್ತಾರ. ಚುಕ್ಕಿ ಹಾಕಸ್ತೇನಿ. ತಪ್ಪ ನಂದು."

ಅದಕ್ಕೆ ಆಕೆ ಏನೂ ಹೇಳಲಿಲ್ಲ. ಹೇಳಲಿ ಎಂದು ನಾನು ಕಾಯುತ್ತಿದ್ದೆ ಎಂಬುದು ಆಕೆಗೆ ತಿಳಿದಿರಬೇಕು. ಕಡೆಗೆ ನಾನೇ, "ಅಭ್ಯಾಸ ಎಷ್ಟಕ್ಕ ಶುರು ಮಾಡ್ತೀರಿ? ಪಟ್ಟಿಯೊಳಗ ಬರೀಬೇಕು," ಎಂದೆ.

"ಕೂಲಿ ಬಿಟ್ಟ ಬಂದು ಕೈಕಾಲ ತೊಳಕೊಂಡ್ರ ಐದೂವರಿ ಆಕ್ಕೈತಿ. ಐದೂವರಿ ಬರೀರಿ. ಒಂದಿನ ಬಂದು ನೋಡಿ ಹೋಗ್ರಿ. ಟೇಪ ತರ್ರಿ, ಬೇಕಾದ್ರ ಮತ್ತ ಅಳೀರಿ." ಕೊನೆಗೆ, "ಬರೂ ದಿನ ಮಾತ್ರ ಉಪಾಸ ಇರಬ್ಯಾಡ್ರಿ," ಎಂದು ಫೋನ್ ಇಟ್ಟಳು.

"ಉಪಾಸದ ಮಾತ ಏನ್ರಿ ಗುರುಗಳ?" ಎಂದ ಪಿ.ಟಿ. ಮಾಸ್ತರ.

ಹೇಳಿದೆ. ತಂಬಿಗೆ, ಬುಧವಾರ, ಎಲ್ಲವನ್ನೂ. ಪಂದ್ಯದ ಮಾತನ್ನು ಒಂದೇ ಉಸಿರಿಗೆ ಹೇಳಿದ್ದೆ. ಇದನ್ನು ಹೇಳಲು ನಡುನಡುವೆ ನಿಲ್ಲಬೇಕಾಯಿತು. ಅವನು ನೆಲ ನೋಡುತ್ತ ಕುಳಿತ. ಹತ್ತು ವರ್ಷದವನಿದ್ದಾಗಿನಿಂದ ನನ್ನ ಶಿಸ್ತನ್ನು ಹೊಗಳುತ್ತ ಬಂದವನು. ಹೆಣ್ಣುಮಗಳು ಪರದೆಯಿಂದ ತಲೆ ತಿರುಗಿಸಲಿಲ್ಲ. ಅವಳ ಕೈ ಮಾತ್ರ ಮೌಸಿನ ಮೇಲೆ ಅಲ್ಲಾಡದೆ ಇತ್ತು.

ಆಮೇಲೆ ಸೂಚಿ ಚೌಕಕ್ಕೆ ಜಾಗ ಹುಡುಕಿದೆವು. ಮೊದಲಿದ್ದ ಎಡಗಡೆಯ ಮೇಲ್ಭಾಗದಲ್ಲಿ ಆಗಲೇ ಪಟ್ಟಿಯನ್ನು ಇಟ್ಟಾಗಿತ್ತು. ಪೋಸ್ಟರಿನ ತಳದಲ್ಲಿ, ನಕಾಶೆ ತಿದ್ದಿದವರು ಎಂದು ನನ್ನ ಹೆಸರಿನ ಸಾಲು ಇತ್ತು. ಅವಳು ಅದನ್ನು ಅಳಿಸಿ ಚೌಕವನ್ನು ಅಲ್ಲಿ ಕೂರಿಸಿದಳು. ನನ್ನನ್ನು ಕೇಳಲಿಲ್ಲ. ಉಳಿದ ನಾಲ್ಕು ಪೋಸ್ಟರುಗಳಲ್ಲಿ ಚೌಕ ಒಂದು ಕಡೆ, ಇದರಲ್ಲಿ ಇನ್ನೊಂದು ಕಡೆ. ಐದನ್ನೂ ಸಾಲಾಗಿ ಅಂಟಿಸಿದರೆ ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಹೊಡೆಯಲಿ.

ಹಳೆಯ ದಿನಚರಿಯ ಆ ಸಾಲನ್ನು ನಾನು ತಿದ್ದಿಲ್ಲ. ತಿದ್ದಿದರೆ ಅದೂ ಚೊಕ್ಕಟವಾಗಿ ಕಾಣುತ್ತದೆ. ಓದುವವರು ಓದಲಿ.

ಐದೂ ಮುಕ್ಕಾಲಿಗೆ ಹೊಸ ಪ್ರೂಫ್ ಬಂತು. ಭೂತಗನ್ನಡಿ ಹಿಡಿದು ಚುಕ್ಕಿಗಳನ್ನು ಹುಕ್ಕೇರಿಯಿಂದ ಎಣಿಸುತ್ತ ಬಂದೆ, ಗೋಕಾಕ ದಾಟಿ, ಕಲ್ಲೋಳಿ ದಾಟಿ, ಮೂಡಲಗಿ ಮುಗಿಸಿ ಕೆಳಗೆ ಇಳಿದೆ. ಇಪ್ಪತ್ತಮೂರು. ಪಟ್ಟಿಯಲ್ಲಿ ಎಲ್ಲರ ವೇಳೆಯೂ ಐದು, ಆರು ಎಂದು ಪೂರ್ತಿ ಗಂಟೆಯಲ್ಲಿತ್ತು. ಕೊನೆಯ ಸಾಲೊಂದರಲ್ಲೇ ಐದೂವರೆ. ಅದರ ಪಕ್ಕ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ, ಕೆಳಗೆ ಸಹಿ ಮಾಡಿ ಅವಳ ಕೈಗೆ ಕೊಟ್ಟೆ. ಆರಕ್ಕೆ ಮೂರು ನಿಮಿಷ ಇರುವಾಗ ಅವಳು ಐದೂ ಪೋಸ್ಟರುಗಳನ್ನು ಬೆಳಗಾವಿಗೆ ಕಳಿಸಿದಳು.